ಬಲಿಪೀಠದ ಮೇಲೆ ಧ್ವಜ: 1934ರ ಬಾರ್ಮೆನ್ ಘೋಷಣೆ ಹೇಳಿದ್ದು, ಹೇಳದೆ ಬಿಟ್ಟದ್ದು

2021ರ ಜನವರಿ 6ರಂದು ವಾಷಿಂಗ್ಟನ್ನಿನ ಸಂಸತ್ ಭವನಕ್ಕೆ ನುಗ್ಗಿದ ಗುಂಪಿನಲ್ಲಿ ಶಿಲುಬೆ ಹೊತ್ತವರಿದ್ದರು, ಯೇಸುವಿನ ಹೆಸರು ಬರೆದ ಬಾವುಟ ಹಿಡಿದವರಿದ್ದರು. ಸೆನೆಟ್ ಸಭಾಂಗಣದೊಳಗೆ ನಿಂತು ಕೆಲವರು ಪ್ರಾರ್ಥನೆಯನ್ನೂ ಮಾಡಿದರು. ಅಂದಿನಿಂದ ‘ಕ್ರೈಸ್ತ ರಾಷ್ಟ್ರೀಯತೆ’ ಎಂಬ ಮಾತು ಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿದೆ. ಆ ಚರ್ಚೆಯಲ್ಲಿ ಪದೇ ಪದೇ ಬರುವ ಇನ್ನೊಂದು ಹೆಸರು ಬಾರ್ಮೆನ್.

ಬಾರ್ಮೆನ್ ಜರ್ಮನಿಯ ವುಪ್ಪರ್‌ಟಾಲ್ ನಗರದ ಒಂದು ಭಾಗ. ಹಿಟ್ಲರ್ ಅಧಿಕಾರಕ್ಕೆ ಬಂದು ಹದಿನಾರು ತಿಂಗಳಾಗಿದ್ದಾಗ ಅಲ್ಲಿನ ಗೆಮಾರ್ಕೆ ಚರ್ಚಿನಲ್ಲಿ ಸೇರಿದ ಪ್ರೊಟೆಸ್ಟೆಂಟ್ ಕ್ರೈಸ್ತರು ಆರು ಅಂಶಗಳ ಘೋಷಣೆಯೊಂದನ್ನು ಅಂಗೀಕರಿಸಿದರು. ಕೆಲವೇ ಪುಟಗಳ ಆ ಬರಹವನ್ನು ಇಂದಿಗೂ ಓದುತ್ತಾರೆ. ದೇಶದ ಹೆಸರಿನಲ್ಲಿ ಕೇಳಿದ್ದಕ್ಕೆಲ್ಲ ಸಭೆ, ಅಂದರೆ ಚರ್ಚಾಗಿ ಕೂಡಿದ ಕ್ರೈಸ್ತ ಸಮುದಾಯ, ಹೌದು ಎನ್ನಬೇಕೇ, ಬೇಡ ಎನ್ನುವುದಾದರೆ ಯಾವ ಆಧಾರದ ಮೇಲೆ ಎಂಬ ಪ್ರಶ್ನೆಗೆ ಅಷ್ಟು ನೇರವಾಗಿ ಉತ್ತರಿಸಿದ ಬರಹಗಳು ಕಡಿಮೆ. ಅದರಲ್ಲಿ ದೊಡ್ಡದೊಂದು ಕೊರತೆಯೂ ಇದೆ. ಎರಡನ್ನೂ ಒಟ್ಟಿಗೆ ನೋಡದಿದ್ದರೆ ಬಾರ್ಮೆನ್ ಅರ್ಥವಾಗುವುದಿಲ್ಲ.

ದೇಶಪ್ರೇಮ ಎಲ್ಲಿ ಮುಗಿಯುತ್ತದೆ?

ಹುಟ್ಟಿದ ನೆಲ, ಆಡುವ ಭಾಷೆ, ಜೊತೆಗೆ ಬದುಕುವ ಜನ ಇವುಗಳ ಮೇಲಿನ ಮಮತೆ ದೇಶಪ್ರೇಮ. ಇದನ್ನು ಕ್ರೈಸ್ತ ವಿಶ್ವಾಸ ಯಾವತ್ತೂ ಪಾಪವೆಂದು ಕರೆದಿಲ್ಲ. ಯೆರೂಸಲೇಮನ್ನು ನೋಡಿ ಯೇಸು ಅತ್ತನೆಂದು ಸುವಾರ್ತೆಯೇ ಹೇಳುತ್ತದೆ. ರಾಷ್ಟ್ರೀಯತೆ ಒಂದು ರಾಜಕೀಯ ಸಿದ್ಧಾಂತ. ಒಂದು ಜನಸಮುದಾಯಕ್ಕೆ ತನ್ನದೇ ರಾಜ್ಯವಿರಬೇಕು, ಆ ಸಮುದಾಯಕ್ಕೆ ಸಲ್ಲುವ ನಿಷ್ಠೆಯೇ ಮಿಕ್ಕ ನಿಷ್ಠೆಗಳಿಗಿಂತ ಮೇಲು ಎನ್ನುವುದು ಅದರ ತಿರುಳು. ಇದು ವಸಾಹತಿನ ವಿರುದ್ಧ ಬಿಡುಗಡೆಯ ಹೋರಾಟವಾಗಿಯೂ ಬರಬಹುದು, ನೆರೆಯವರನ್ನು ಹೊರಗಟ್ಟುವ ಹಟವಾಗಿಯೂ ಬರಬಹುದು. ‘ಈ ರಾಷ್ಟ್ರವೇ ದೇವರು ಆರಿಸಿಕೊಂಡ ರಾಷ್ಟ್ರ, ನಿಜವಾದ ಪ್ರಜೆ ಎಂದರೆ ನಮ್ಮಂಥ ಕ್ರೈಸ್ತ’ ಎಂದು ಹೇಳತೊಡಗಿದಾಗ ಅದಕ್ಕೆ ಕ್ರೈಸ್ತ ರಾಷ್ಟ್ರೀಯತೆ ಎನ್ನುತ್ತಾರೆ.

ಬೈಬಲ್ಲಿನಲ್ಲಿ ಸರ್ಕಾರದ ಬಗ್ಗೆ ಎರಡು ದನಿಗಳಿವೆ. ಆಳುವ ಅಧಿಕಾರಿಗಳಿಗೆ ಅಧೀನರಾಗಿರಿ ಎಂದು ಪೌಲನು ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯ ಹೇಳುತ್ತದೆ. ಮನುಷ್ಯರಿಗಿಂತ ದೇವರಿಗೇ ವಿಧೇಯರಾಗಿರಬೇಕು ಎಂದು ಅಪೊಸ್ತಲರ ಕೃತ್ಯಗಳ 5ನೆಯ ಅಧ್ಯಾಯದಲ್ಲಿ ಪೇತ್ರನು ನ್ಯಾಯಸಭೆಯ ಎದುರೇ ನುಡಿಯುತ್ತಾನೆ. ಎರಡೂ ಧರ್ಮಗ್ರಂಥದ ಮಾತುಗಳೇ. ಮೊದಲನೆಯದನ್ನು ಮಾತ್ರ ಓದಿದ ಸಭೆ ಆಳುವವರ ಬಾಲಂಗೋಚಿಯಾಗುತ್ತದೆ. ಜರ್ಮನಿಯ ಪ್ರೊಟೆಸ್ಟೆಂಟರು ತಲೆಮಾರುಗಳಿಂದ ಅದನ್ನೇ ಹೆಚ್ಚು ಓದಿದ್ದರು. ಅದಕ್ಕೊಂದು ಚರಿತ್ರೆಯಿದೆ.

ಅರಸನೇ ಸಭೆಯ ಯಜಮಾನ

16ನೆಯ ಶತಮಾನದಲ್ಲಿ ಮಾರ್ಟಿನ್ ಲೂಥರನ ಸುಧಾರಣೆ ಉಳಿದುಕೊಂಡದ್ದು ಅದಕ್ಕೆ ಆಸರೆ ಕೊಟ್ಟ ಅರಸರಿಂದ. ಆ ಋಣದ ಫಲವಾಗಿ ಒಂದೊಂದು ಪ್ರಾಂತ್ಯದಲ್ಲೂ ಅಲ್ಲಿನ ಅರಸನೇ ಸಭೆಗೂ ಮುಖ್ಯಸ್ಥನಾದ. 1918ರಲ್ಲಿ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್ ಸಿಂಹಾಸನ ಬಿಡುವವರೆಗೂ ಜರ್ಮನಿಯ ಅತಿದೊಡ್ಡ ಪ್ರಾಂತ್ಯವಾದ ಪ್ರಷ್ಯದ ಪ್ರೊಟೆಸ್ಟೆಂಟ್ ಸಭೆಯ ಒಡೆತನ ಅವನಲ್ಲೇ ಇತ್ತು. ಮೊದಲ ಮಹಾಯುದ್ಧಕ್ಕೆ ಹೊರಟ ಸೈನಿಕರ ಸೊಂಟಪಟ್ಟಿಯ ಬಿಲ್ಲೆಯ ಮೇಲೆ ‘ದೇವರು ನಮ್ಮೊಂದಿಗೆ’ ಎಂದು ಅಚ್ಚೊತ್ತಿತ್ತು. ಪಾಸ್ಟರುಗಳು ಯುದ್ಧವನ್ನು ಪವಿತ್ರ ಕರ್ತವ್ಯವೆಂದು ಪ್ರಸಂಗಿಸಿದರು. ಆಗ ಸ್ವಿಟ್ಜರ್ಲೆಂಡಿನ ಸಾಫೆನ್‌ವಿಲ್ ಎಂಬ ಊರಿನಲ್ಲಿ ಪಾಸ್ಟರಾಗಿದ್ದ ಕಾರ್ಲ್ ಬಾರ್ತ್, ಯುದ್ಧವನ್ನು ಸಮರ್ಥಿಸಿದ ಜರ್ಮನ್ ವಿದ್ವಾಂಸರ ಪಟ್ಟಿಯಲ್ಲಿ ತನ್ನ ಗುರುಗಳ ಹೆಸರನ್ನೇ ಕಂಡು ಬೆಚ್ಚಿದರು. ಈ ಪಾಠದಲ್ಲೇ ಏನೋ ಕೊರತೆಯಿದೆ ಎಂಬ ಶಂಕೆ ಅವರಿಗೆ ಹುಟ್ಟಿದ್ದು ಅಲ್ಲಿ. ಇಪ್ಪತ್ತು ವರ್ಷಗಳ ಬಳಿಕ ಬಾರ್ಮೆನ್ ಘೋಷಣೆಯ ಬಹುಪಾಲನ್ನು ಬರೆದವರು ಇವರೇ.

ಅದೇ ಯುದ್ಧದ ಹೊಡೆತ ನಮ್ಮ ಕರಾವಳಿಗೂ ತಟ್ಟಿತು. 1834ರಲ್ಲಿ ಮಂಗಳೂರಿಗೆ ಬಂದಿದ್ದ ಬಾಸೆಲ್ ಮಿಷನ್ನಿನ ಕೇಂದ್ರ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಮಿಷನರಿಗಳಲ್ಲಿ ಬಹಳ ಮಂದಿ ಜರ್ಮನರು. ಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರ್ಕಾರ ಅವರನ್ನು ಶತ್ರುದೇಶದವರೆಂದು ಬಂಧನ ಶಿಬಿರಗಳಲ್ಲಿಟ್ಟು, ಆಮೇಲೆ ಹೊರಗೆ ಕಳುಹಿಸಿತು. ಮಿಷನ್ನಿನ ಹೆಂಚಿನ ಕಾರ್ಖಾನೆಗಳು, ನೇಯ್ಗೆಯ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಸೇರಿದವು. ಎರಡೂ ಕಡೆಯ ರಾಜರು ಒಬ್ಬನೇ ಕ್ರಿಸ್ತನ ಹೆಸರು ಹೇಳಿಕೊಂಡು ಹೊಡೆದಾಡುತ್ತಿದ್ದಾಗ ಕನ್ನಡ, ತುಳು ಆಡುವ ಸಭೆಗಳು ತಮ್ಮ ಪಾಸ್ಟರುಗಳನ್ನು ಕಳೆದುಕೊಂಡವು.

ಜರ್ಮನಿ ಸೋತಿತು. ಅರಸ ಹೋದ, ವರ್ಸೇಲ್ಸ್ ಒಪ್ಪಂದದ ಅವಮಾನ ಬಂತು, ನಿರುದ್ಯೋಗ ಬಂತು. ದೇಶದ ಮೂರರಲ್ಲಿ ಎರಡು ಪಾಲಿನಷ್ಟಿದ್ದ ಪ್ರೊಟೆಸ್ಟೆಂಟರಲ್ಲಿ ಅನೇಕರಿಗೆ ಹೊಸ ಗಣರಾಜ್ಯ ದೇವರಿಲ್ಲದ ಮನೆಯಂತೆ ಕಂಡಿತು. ಕಮ್ಯುನಿಸ್ಟರ ಭಯವೂ ಇತ್ತು. ನಾಜಿ ಪಕ್ಷದ 1920ರ ಕಾರ್ಯಕ್ರಮದ 24ನೆಯ ಅಂಶ ‘ಸಕಾರಾತ್ಮಕ ಕ್ರೈಸ್ತಧರ್ಮ’ವನ್ನು ಬೆಂಬಲಿಸುವುದಾಗಿ ಹೇಳಿತ್ತು. ಅದರ ಅರ್ಥವೇನೆಂದು ಸ್ಪಷ್ಟವಾಗಿ ಬಿಡಿಸಿ ಹೇಳಿರಲಿಲ್ಲ. ಕೇಳಿದವರು ತಮಗೆ ಬೇಕಾದ ಅರ್ಥ ತುಂಬಿಕೊಂಡರು.

1933: ಒಂದೇ ವರ್ಷದಲ್ಲಿ

1933ರ ಜನವರಿ 30ರಂದು ಹಿಟ್ಲರ್ ಪ್ರಧಾನಿಯಾದ. ಏಪ್ರಿಲ್ 7ರ ಕಾನೂನು ಯೆಹೂದಿ ಮೂಲದವರನ್ನು ಸರ್ಕಾರಿ ನೌಕರಿಯಿಂದ ಹೊರಹಾಕಿತು. ಇದನ್ನು ‘ಆರ್ಯ ನಿಯಮ’ ಎಂದು ಕರೆಯುತ್ತಾರೆ. ಅಜ್ಜ ಅಜ್ಜಿಯರಲ್ಲಿ ಒಬ್ಬರು ಯೆಹೂದಿಯಾಗಿದ್ದರೂ ಆ ವ್ಯಕ್ತಿ ಆರ್ಯನಲ್ಲ ಎಂಬುದು ಅದರ ಲೆಕ್ಕ.

ಸಭೆಯೊಳಗೆ ಈ ಗಾಳಿಯನ್ನು ತಂದವರು ‘ಜರ್ಮನ್ ಕ್ರೈಸ್ತರು’ ಎಂಬ ಗುಂಪಿನವರು. ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು: ಇವರು ಹೊರಗಿನ ಶತ್ರುಗಳಾಗಿರಲಿಲ್ಲ. ದೀಕ್ಷಾಸ್ನಾನ ಪಡೆದವರು, ಭಾನುವಾರ ಆರಾಧನೆಗೆ ಬರುತ್ತಿದ್ದವರು, ಇವರಲ್ಲಿ ಪಾಸ್ಟರುಗಳೂ ಪ್ರಾಧ್ಯಾಪಕರೂ ಇದ್ದರು. ದೇವರು ಬೈಬಲ್ಲಿನಲ್ಲಿ ಮಾತಾಡಿದಂತೆಯೇ ಜರ್ಮನ್ ಜನಾಂಗದಲ್ಲಿ, ಅದರ ರಕ್ತದಲ್ಲಿ, ಈಗ ಬಂದಿರುವ ನಾಯಕನಲ್ಲಿ ಮಾತಾಡುತ್ತಿದ್ದಾನೆ ಎಂಬುದು ಅವರ ನಂಬಿಕೆ. ಚರ್ಚುಗಳ ಬಲಿಪೀಠದ ಸುತ್ತ ಸ್ವಸ್ತಿಕ ಧ್ವಜಗಳು ಬಂದವು. ಜುಲೈ 23ರಂದು ಪ್ರೊಟೆಸ್ಟೆಂಟ್ ಸಭೆಗಳ ಆಡಳಿತ ಮಂಡಳಿಗಳಿಗೆ ನಡೆದ ಚುನಾವಣೆಯ ಹಿಂದಿನ ಸಂಜೆ ಹಿಟ್ಲರನೇ ರೇಡಿಯೊದಲ್ಲಿ ಅವರ ಪರ ಮಾತನಾಡಿದ. ಮೂರರಲ್ಲಿ ಎರಡರಷ್ಟು ಸ್ಥಾನಗಳನ್ನು ಅವರು ಗೆದ್ದರು. ಸೆಪ್ಟೆಂಬರ್ ಮೊದಲ ವಾರ ಪ್ರಷ್ಯದ ಸಭೆಯ ಮಹಾಸಭೆಗೆ ಅನೇಕ ಪ್ರತಿನಿಧಿಗಳು ನಾಜಿಗಳ ಕಂದು ಸಮವಸ್ತ್ರದಲ್ಲೇ ಬಂದು, ಆರ್ಯ ನಿಯಮವನ್ನು ಪಾಸ್ಟರುಗಳಿಗೂ ಅನ್ವಯಿಸಿದರು. ಅದೇ ತಿಂಗಳು ಸೈನ್ಯದ ಪಾದ್ರಿಯಾಗಿದ್ದ ಲುಡ್ವಿಗ್ ಮ್ಯೂಲರ್ ಇಡೀ ರಾಷ್ಟ್ರದ ಬಿಷಪ್ ಆದ.

ಹದಿನೆಂಟು ಸಾವಿರದಷ್ಟು ಪಾಸ್ಟರುಗಳಲ್ಲಿ ಯೆಹೂದಿ ಮೂಲದವರು ನೂರು ಮಂದಿಯೂ ಇರಲಿಲ್ಲ. ಆದರೂ ಈ ನಿಯಮ ವಿಶ್ವಾಸದ ಬುಡಕ್ಕೇ ಕೊಡಲಿ ಹಾಕಿತು. ದೀಕ್ಷಾಸ್ನಾನ ಹೊಂದಿದವರೆಲ್ಲ ಕ್ರಿಸ್ತನ ಒಂದೇ ದೇಹ ಎಂದು ಹೇಳುತ್ತ ಬಂದ ಸಭೆ ಈಗ ಅಜ್ಜಿಯ ಜನನಪತ್ರ ತಂದು ತೋರಿಸು ಎನ್ನುತ್ತಿತ್ತು. ಬರ್ಲಿನ್ನಿನ ಡಾಲೆಮ್ ಸಭೆಯ ಪಾಸ್ಟರ್ ಮಾರ್ಟಿನ್ ನೀಮೋಲರ್ ಇದನ್ನು ವಿರೋಧಿಸಲು ಪಾಸ್ಟರುಗಳ ತುರ್ತು ಒಕ್ಕೂಟ ಕಟ್ಟಿದರು. ಕೆಲವೇ ತಿಂಗಳಲ್ಲಿ ಸುಮಾರು ಏಳು ಸಾವಿರ ಮಂದಿ ಸೇರಿದರು. ನವೆಂಬರ್ 13ರಂದು ಬರ್ಲಿನ್ನಿನ ಕ್ರೀಡಾಂಗಣದಲ್ಲಿ ಇಪ್ಪತ್ತು ಸಾವಿರ ಜನರೆದುರು ಜರ್ಮನ್ ಕ್ರೈಸ್ತರ ಬರ್ಲಿನ್ ಘಟಕದ ನಾಯಕ ರೈನ್‌ಹೋಲ್ಡ್ ಕ್ರೌಸೆ, ಬೈಬಲ್ಲಿನ ಮೊದಲ ಭಾಗವೂ ಯೆಹೂದಿಗಳ ಧರ್ಮಗ್ರಂಥವೂ ಆದ ಹಳೆಯ ಒಡಂಬಡಿಕೆಯನ್ನೇ ಕಿತ್ತುಹಾಕಬೇಕು ಎಂದ. ಅಲ್ಲಿಯವರೆಗೆ ಸುಮ್ಮನಿದ್ದ ಬಹಳ ಜನ ಆಗ ಕಣ್ಣು ಬಿಟ್ಟರು.

ಬಾರ್ಮೆನ್‌ನಲ್ಲಿ ಮೂರು ದಿನ

1934ರ ಮೇ 29ರಿಂದ 31ರವರೆಗೆ ಗೆಮಾರ್ಕೆ ಚರ್ಚಿನಲ್ಲಿ ಸುಮಾರು 140 ಪ್ರತಿನಿಧಿಗಳು ಕೂಡಿದರು. ಅವರಲ್ಲಿ ಹೆಣ್ಣುಮಗಳು ಒಬ್ಬರೇ, ಸ್ಟೆಫನಿ ಫಾನ್ ಮಾಕೆನ್ಸೆನ್. ಲೂಥರನ್, ಕ್ಯಾಲ್ವಿನನ ಪರಂಪರೆಯ ರಿಫಾರ್ಮ್ಡ್, ಎರಡೂ ಬೆರೆತ ಸಂಯುಕ್ತ ಸಭೆಗಳು ಹೀಗೆ ಒಂದೇ ದನಿಯಲ್ಲಿ ಮಾತಾಡುವುದು ಜರ್ಮನಿಯಲ್ಲಿ ಅಪರೂಪವಾಗಿತ್ತು. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ಅರ್ಥವೇನೆಂಬ ಬಗ್ಗೆ ನಾನೂರು ವರ್ಷಗಳಿಂದ ಜಗಳವಾಡಿಕೊಂಡು ಬಂದವರು ಅವರು. ಹೀಗೆ ಒಟ್ಟಾದ ಸಭೆಗಳನ್ನು ಇಂಗ್ಲಿಷಿನಲ್ಲಿ ‘ಕನ್ಫೆಸಿಂಗ್ ಚರ್ಚ್’ ಎನ್ನುತ್ತಾರೆ. ಅದನ್ನು ‘ತಪ್ಪೊಪ್ಪಿಗೆಯ ಸಭೆ’ ಎಂದರೆ ಸರಿಹೋಗದು. ವಿಶ್ವಾಸವನ್ನು ಬಹಿರಂಗವಾಗಿ ಅರಿಕೆ ಮಾಡುವ ಸಭೆ ಎಂಬ ಅರ್ಥದಲ್ಲಿ ಇಲ್ಲಿ ‘ಅರಿಕೆಯ ಸಭೆ’ ಎನ್ನುತ್ತೇನೆ.

ಘೋಷಣೆಯ ಆರೂ ಅಂಶಗಳಿಗೆ ಒಂದೇ ಕಟ್ಟು: ಮೊದಲು ಬೈಬಲ್ ವಚನ, ಆಮೇಲೆ ನಾವು ಏನು ನಂಬುತ್ತೇವೆ ಎಂಬ ಮಾತು, ಕೊನೆಗೆ ‘ಈ ಸುಳ್ಳು ಬೋಧನೆಯನ್ನು ತಿರಸ್ಕರಿಸುತ್ತೇವೆ’ ಎಂಬ ನಿರಾಕರಣೆ. ಈ ಕೊನೆಯ ಭಾಗವೇ ಅದರ ಬಲ. ಒಳ್ಳೆಯ ಮಾತಿಗೆ ಎಲ್ಲರೂ ತಲೆಯಾಡಿಸುತ್ತಾರೆ. ಯಾವುದು ಒಪ್ಪಿಗೆಯಿಲ್ಲ ಎಂದು ಹೇಳಿದಾಗಲೇ ಯಾರು ಎಲ್ಲಿ ನಿಂತಿದ್ದಾರೆಂದು ತಿಳಿಯುತ್ತದೆ.

ಮೊದಲನೆಯ ಅಂಶ ಯೋಹಾನನ ಸುವಾರ್ತೆಯ ‘ನಾನೇ ಮಾರ್ಗವೂ ಸತ್ಯವೂ ಜೀವವೂ ಆಗಿದ್ದೇನೆ’ ಎಂಬ ವಚನದಿಂದ ಆರಂಭವಾಗುತ್ತದೆ. ಜೀವದಲ್ಲಿಯೂ ಮರಣದಲ್ಲಿಯೂ ನಾವು ಕೇಳಬೇಕಾದ, ನಂಬಬೇಕಾದ, ವಿಧೇಯರಾಗಬೇಕಾದ ದೇವರ ಒಂದೇ ವಾಕ್ಯ ಯೇಸು ಕ್ರಿಸ್ತ ಎನ್ನುತ್ತದೆ. ಬೇರೆ ಘಟನೆಗಳನ್ನು, ಶಕ್ತಿಗಳನ್ನು, ವ್ಯಕ್ತಿಗಳನ್ನು, ಸತ್ಯಗಳನ್ನು ದೇವರ ಪ್ರಕಟನೆಯೆಂದು ಸಭೆ ಒಪ್ಪಿಕೊಳ್ಳಬಹುದೆಂಬ ಬೋಧನೆಯನ್ನು ತಿರಸ್ಕರಿಸುತ್ತದೆ.

ಮೇಲ್ನೋಟಕ್ಕೆ ಇದು ಪ್ರತಿ ಭಾನುವಾರ ಕೇಳುವ ಮಾತು. ಇದರಲ್ಲಿ ರಾಜಕೀಯ ಎಲ್ಲಿದೆ ಎಂದು ಕೇಳಬಹುದು. ಅಂಗಡಿಯ ತಕ್ಕಡಿಯನ್ನು ನೆನೆಯಿರಿ. ಚೀಲದಲ್ಲಿ ಹೆಚ್ಚು ಕಡಿಮೆಯಾದ ಎರಡು ತೂಕದ ಕಲ್ಲುಗಳನ್ನು ಇಟ್ಟುಕೊಳ್ಳಬಾರದು ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ಎರಡನೆಯ ಕಲ್ಲು ಬಂದ ದಿನದಿಂದ ಯಾವ ಗಿರಾಕಿಗೆ ಯಾವ ಕಲ್ಲು ಎಂದು ತೀರ್ಮಾನಿಸುವವನು ಅಂಗಡಿಯವನು. ಮೊದಲ ಕಲ್ಲನ್ನು ಅವನು ಎಸೆಯುವುದೇ ಇಲ್ಲ. ಎಲ್ಲರಿಗೂ ಕಾಣುವಂತೆ ಗಲ್ಲಾಪೆಟ್ಟಿಗೆಯ ಮೇಲೇ ಇಟ್ಟಿರುತ್ತಾನೆ. ಜರ್ಮನ್ ಕ್ರೈಸ್ತರೂ ಕ್ರಿಸ್ತನನ್ನು ಎಸೆಯಲಿಲ್ಲ. ಕ್ರಿಸ್ತನೂ ಬೇಕು, ಜನಾಂಗವೂ ಬೇಕು ಎಂದರು. ಯೆಹೂದಿ ಮೂಲದ ಪಾಸ್ಟರನ್ನು ತೂಗುವಾಗ ಕೈಗೆ ಬಂದದ್ದು ಎರಡನೆಯ ಕಲ್ಲು. ‘ಒಂದೇ ವಾಕ್ಯ’ ಎಂದಾಗ ಬಾರ್ಮೆನ್ ಆ ಎರಡನೆಯ ಕಲ್ಲನ್ನು ಹೊರಗೆಸೆಯಿತು.

ಉಳಿದ ಐದೂ ಇದರಿಂದಲೇ ಬೆಳೆಯುತ್ತವೆ. ನಮ್ಮ ಬದುಕಿನಲ್ಲಿ ಕ್ರಿಸ್ತನಿಗೆ ಸೇರದೆ ಬೇರೆ ಒಡೆಯರಿಗೆ ಸೇರಿದ ಕ್ಷೇತ್ರವಿಲ್ಲ ಎಂದು ಎರಡನೆಯದು. ಚಾಲ್ತಿಯಲ್ಲಿರುವ ರಾಜಕೀಯ ನಂಬಿಕೆಗೆ ತಕ್ಕಂತೆ ಸಭೆ ತನ್ನ ಸಂದೇಶವನ್ನೂ ರಚನೆಯನ್ನೂ ಬದಲಿಸಿಕೊಳ್ಳಬಾರದೆಂದು ಮೂರನೆಯದು. ಸಭೆಯ ಹುದ್ದೆಗಳು ಸೇವೆಗೆ ಇರುವಂಥವು, ಅಲ್ಲಿ ಸರ್ವಾಧಿಕಾರಿ ನಾಯಕನಿಗೆ ಜಾಗವಿಲ್ಲವೆಂದು ನಾಲ್ಕನೆಯದು. ದೇವರ ವಾಕ್ಯವನ್ನು ತಮ್ಮ ಯೋಜನೆಗಳಿಗೆ ದುಡಿಸಿಕೊಳ್ಳುವ ಹಕ್ಕು ಯಾರಿಗೂ ಇಲ್ಲವೆಂದು ಆರನೆಯದು.

ಐದನೆಯದು ನೇರವಾಗಿ ಸರ್ಕಾರದ ಬಗ್ಗೆ. ‘ದೇವರಿಗೆ ಭಯಪಡಿರಿ, ಅರಸನನ್ನು ಸನ್ಮಾನಿಸಿರಿ’ ಎಂಬ ಪೇತ್ರನ ಮಾತನ್ನು ಅದು ಎತ್ತಿಕೊಳ್ಳುತ್ತದೆ. ನ್ಯಾಯವನ್ನೂ ಶಾಂತಿಯನ್ನೂ ಕಾಪಾಡುವುದು ರಾಜ್ಯಕ್ಕೆ ದೇವರು ಕೊಟ್ಟ ಕೆಲಸ, ಅದಕ್ಕಾಗಿ ಕೃತಜ್ಞರಾಗಿದ್ದೇವೆ ಎನ್ನುತ್ತದೆ. ಅದನ್ನು ಮೀರಿ ರಾಜ್ಯ ಮನುಷ್ಯನ ಬದುಕಿನ ಸಮಸ್ತಕ್ಕೂ ಏಕೈಕ ವ್ಯವಸ್ಥೆಯಾಗುವುದನ್ನು ತಿರಸ್ಕರಿಸುತ್ತದೆ. ಅದೇ ಉಸಿರಿನಲ್ಲಿ, ಸಭೆ ತಾನೇ ರಾಜ್ಯದ ಅಧಿಕಾರವನ್ನು ಹೊದ್ದುಕೊಂಡು ರಾಜ್ಯದ ಒಂದು ಅಂಗವಾಗುವುದನ್ನೂ ತಿರಸ್ಕರಿಸುತ್ತದೆ. ಈ ಎರಡನೆಯ ನಿರಾಕರಣೆಯನ್ನು ಜನ ಸಾಮಾನ್ಯವಾಗಿ ಮರೆಯುತ್ತಾರೆ. ಸರ್ಕಾರವನ್ನು ವಶಪಡಿಸಿಕೊಂಡು ಅದರ ಮೂಲಕ ಸುವಾರ್ತೆ ನಡೆಸುತ್ತೇವೆ ಎನ್ನುವ ಕ್ರೈಸ್ತರಿಗೂ ಬಾರ್ಮೆನ್ ಅಡ್ಡ ನಿಲ್ಲುತ್ತದೆ.

‘ಧರ್ಮ ಬೇರೆ, ರಾಜಕೀಯ ಬೇರೆ’ ಎಂದರೆ ಸಾಕಾಗಿತ್ತಲ್ಲವೇ?

ಸಾಕಾಗುತ್ತಿರಲಿಲ್ಲ, ಏಕೆಂದರೆ ಹಿಟ್ಲರನಿಗೂ ಅದೇ ಬೇಕಿತ್ತು. 1934ರ ಜನವರಿಯಲ್ಲಿ ಸಭಾನಾಯಕರು ಅವನನ್ನು ಭೇಟಿಯಾದಾಗ, ನೀವು ಚರ್ಚನ್ನು ನೋಡಿಕೊಳ್ಳಿ, ಜರ್ಮನ್ ಜನರನ್ನು ನಾನು ನೋಡಿಕೊಳ್ಳುತ್ತೇನೆ ಎಂಬ ಅರ್ಥದ ಮಾತನ್ನು ಅವನು ಆಡಿದನೆಂದು ನೀಮೋಲರ್ ನೆನಪಿಸಿಕೊಂಡಿದ್ದಾರೆ. ದೇವರು ಒಳಮನೆಯಲ್ಲಿದ್ದರೆ ಸರ್ವಾಧಿಕಾರಿಗೆ ತೊಂದರೆಯಿಲ್ಲ.

ಬಾರ್ಮೆನ್‌ಗೆ ವಿರೋಧ ಸಭೆಯೊಳಗಿಂದಲೇ ಬಂತು. ಎರಡೇ ವಾರದಲ್ಲಿ ವರ್ನರ್ ಎಲರ್ಟ್, ಪೌಲ್ ಆಲ್ಟ್‌ಹೌಸ್ ಮೊದಲಾದ ಲೂಥರನ್ ದೇವಶಾಸ್ತ್ರಜ್ಞರು ಆನ್ಸ್‌ಬಾಕ್ ಎಂಬಲ್ಲಿಂದ ಪ್ರತಿಹೇಳಿಕೆ ಹೊರಡಿಸಿದರು. ಕುಟುಂಬ, ಜನಾಂಗ, ರಕ್ತಸಂಬಂಧ ಇವೂ ದೇವರು ನಮ್ಮನ್ನು ಕಟ್ಟಿಹಾಕಿರುವ ವ್ಯವಸ್ಥೆಗಳೇ ಎಂದು ಅವರು ವಾದಿಸಿ, ಹಿಟ್ಲರನಂಥ ನಾಯಕನನ್ನು ಕೊಟ್ಟ ದೇವರಿಗೆ ವಂದನೆ ಹೇಳಿದರು. ಅವರು ಓದಿಕೊಂಡವರು, ಭಕ್ತರು. ಓದಾಗಲಿ ಭಕ್ತಿಯಾಗಲಿ ಅವರನ್ನು ಕಾಪಾಡಲಿಲ್ಲ ಎಂಬುದು ನನ್ನನ್ನು ಬಹಳ ಕಾಡುವ ಸಂಗತಿ.

ಕ್ಯಾಥೊಲಿಕರ ಹಾದಿ ಬೇರೆಯಾಗಿತ್ತು. ವ್ಯಾಟಿಕನ್ 1933ರ ಜುಲೈನಲ್ಲಿ ಹಿಟ್ಲರನೊಂದಿಗೆ ಒಪ್ಪಂದ ಮಾಡಿಕೊಂಡಿತು. ಅದು ಪದೇ ಪದೇ ಮುರಿದುಬಿದ್ದ ಮೇಲೆ, 1937ರಲ್ಲಿ ಜನಾಂಗವನ್ನೂ ರಾಜ್ಯವನ್ನೂ ವಿಗ್ರಹವಾಗಿಸುವುದನ್ನು ಖಂಡಿಸಿ ಹನ್ನೊಂದನೆಯ ಪಯಸ್ ಪೋಪರು ಬರೆದ ಪತ್ರವನ್ನು ಗರಿಗಳ ಭಾನುವಾರದಂದು ಜರ್ಮನಿಯ ಚರ್ಚುಗಳಲ್ಲಿ ಓದಲಾಯಿತು.

ಹೇಳದೆ ಬಿಟ್ಟದ್ದು

ಆರು ಅಂಶಗಳನ್ನು ಎಷ್ಟು ಸಲ ಓದಿದರೂ ಯೆಹೂದಿಗಳು ಎಂಬ ಮಾತು ಸಿಗುವುದಿಲ್ಲ. ಬೀದಿಯಲ್ಲಿ ಅವರ ಅಂಗಡಿಗಳಿಗೆ ಬಹಿಷ್ಕಾರ ಹಾಕಿ ವರ್ಷ ಕಳೆದಿತ್ತು. ಘೋಷಣೆಯನ್ನು ಪ್ರತಿನಿಧಿಗಳ ಮುಂದಿಟ್ಟ ಹಾನ್ಸ್ ಆಸ್ಮುಸೆನ್, ನಾವು ಹೊಸ ರಾಜ್ಯದ ವಿರುದ್ಧ ಪ್ರಜೆಗಳಾಗಿ ಪ್ರತಿಭಟಿಸುತ್ತಿಲ್ಲ ಎಂದು ಸ್ಪಷ್ಟಪಡಿಸಿದರು. ಸಭೆ ತನ್ನ ಸ್ವಾತಂತ್ರ್ಯಕ್ಕಾಗಿ ಎದ್ದು ನಿಂತಿತು; ನೆರೆಯವನಿಗಾಗಿ ನಿಲ್ಲಲಿಲ್ಲ.

ಕಂಡವರು ಇರಲಿಲ್ಲವೆಂದಲ್ಲ. 27 ವರ್ಷದ ದೇವಶಾಸ್ತ್ರಜ್ಞ ಡೀಟ್ರಿಶ್ ಬಾನ್‌ಹಾಫರ್ 1933ರ ಏಪ್ರಿಲ್‌ನಲ್ಲೇ ಒಂದು ಲೇಖನ ಬರೆದಿದ್ದರು. ಸರ್ಕಾರ ತನ್ನ ಕೆಲಸ ಮಾಡುತ್ತಿದೆಯೇ ಎಂದು ಸಭೆ ಕೇಳಬೇಕು. ಅದರ ಕೃತ್ಯಗಳಿಗೆ ಬಲಿಯಾದವರನ್ನು, ಅವರು ಕ್ರೈಸ್ತರಲ್ಲದಿದ್ದರೂ, ಆರೈಕೆ ಮಾಡಬೇಕು. ಅಗತ್ಯ ಬಿದ್ದರೆ ಅಂಥ ಆಡಳಿತದ ಚಕ್ರವನ್ನೇ ತಡೆದು ನಿಲ್ಲಿಸಬೇಕು ಎಂದು ಅದರಲ್ಲಿ ಹೇಳಿದ್ದರು. ಬಾರ್ಮೆನ್ ಸಭೆ ಸೇರಿದಾಗ ಅವರು ಲಂಡನ್ನಿನಲ್ಲಿ ಪಾಸ್ಟರಾಗಿದ್ದರು. ಅದೇ ವರ್ಷ ಗಾಂಧೀಜಿಯನ್ನು ಭೇಟಿಯಾಗಿ ಅಹಿಂಸೆಯ ಹೋರಾಟವನ್ನು ಹತ್ತಿರದಿಂದ ನೋಡಲು ಬಯಸಿದ್ದರು. ಗಾಂಧೀಜಿ ನವೆಂಬರ್ 1ರಂದು ಆಹ್ವಾನದ ಪತ್ರ ಬರೆದರು, ಆದರೆ ಪ್ರಯಾಣ ಕೈಗೂಡಲಿಲ್ಲ. ಮುಂದೆ ಬಾನ್‌ಹಾಫರ್ ಹಿಟ್ಲರ್ ವಿರೋಧಿ ಸಂಚಿನಲ್ಲಿ ಸೇರಿ, 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬ್ಯುರ್ಗ್ ಶಿಬಿರದಲ್ಲಿ ಗಲ್ಲಿಗೇರಿದರು.

ಬರ್ಲಿನ್ನಿನ ಶಾಲಾ ಶಿಕ್ಷಕಿ ಎಲಿಜಬೆತ್ ಶ್ಮಿಟ್ಸ್ 1935ರಲ್ಲಿ, ಯೆಹೂದಿ ಕುಟುಂಬಗಳು ದಿನದಿನವೂ ಏನನ್ನು ಅನುಭವಿಸುತ್ತಿವೆ ಎಂದು ವಿವರವಾಗಿ ಬರೆದು, ಹೆಸರು ಹಾಕದೆ, ಅರಿಕೆಯ ಸಭೆಯ ನಾಯಕರಿಗೆ ಹಂಚಿದರು. ಆ ನಾಯಕರು ಅದನ್ನು ಬಹಿರಂಗವಾಗಿ ಕೈಗೆತ್ತಿಕೊಳ್ಳಲಿಲ್ಲ. 1938ರ ನವೆಂಬರ್‌ನಲ್ಲಿ ನಾಜಿಗಳು ಯೆಹೂದಿಗಳ ಪ್ರಾರ್ಥನಾಮಂದಿರಗಳಾದ ಸಿನಗಾಗ್‌ಗಳನ್ನು ಸುಟ್ಟ ಮೇಲೆ ಆಕೆ ಇಂಥ ಸರ್ಕಾರದ ಶಾಲೆಯಲ್ಲಿ ಕಲಿಸಲಾರೆನೆಂದು ಕೆಲಸ ಬಿಟ್ಟರು. ಸಿನಗಾಗ್‌ಗಳು ಉರಿದು ವಾರವಾದಾಗ ಓಬರ್‌ಲೆನ್ನಿಂಗನ್ ಎಂಬ ಊರಿನ ಪಾಸ್ಟರ್ ಯೂಲಿಯುಸ್ ಫಾನ್ ಯಾನ್, ‘ದೇಶವೇ, ದೇಶವೇ, ದೇಶವೇ, ಯೆಹೋವನ ವಾಕ್ಯವನ್ನು ಕೇಳು’ ಎಂಬ ಯೆರೆಮೀಯನ ವಚನವನ್ನಿಟ್ಟುಕೊಂಡು ಆ ಪಾತಕವನ್ನು ಪಾತಕವೆಂದೇ ಕರೆದರು. ಗುಂಪೊಂದು ಬಂದು ಅವರನ್ನು ಬಡಿಯಿತು, ಸರ್ಕಾರ ಜೈಲಿಗೆ ಹಾಕಿತು. ಆ ಊರಿರುವುದು ವುರ್ಟೆಂಬರ್ಗ್ ಸೀಮೆಯಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದೂ ಆ ಸೀಮೆಯಲ್ಲೇ.

ಬಾರ್ತ್ 1967ರಲ್ಲಿ, ಬಾನ್‌ಹಾಫರರ ಜೀವನಚರಿತ್ರೆ ಬರೆದ ಎಬರ್‌ಹಾರ್ಡ್ ಬೆಟ್ಗೆ ಅವರಿಗೆ ಕಳುಹಿಸಿದ ಪತ್ರದಲ್ಲಿ, ಯೆಹೂದಿಗಳ ಪ್ರಶ್ನೆಯನ್ನು ಆಗ ನಿರ್ಣಾಯಕವಾಗಿ ಮುಂದಿಡದೆ ಹೋದದ್ದು ತನ್ನ ಅಪರಾಧವೆಂದು ಒಪ್ಪಿಕೊಂಡರು.

ಒಪ್ಪಿಗೆಯ ನಂತರ

ಘೋಷಣೆಯನ್ನು ಒಪ್ಪುವುದು ಒಂದು, ಅದರಂತೆ ಬಾಳುವುದು ಇನ್ನೊಂದು. ಬಾನ್ ವಿಶ್ವವಿದ್ಯಾಲಯದಲ್ಲಿದ್ದ ಬಾರ್ತ್ ಹಿಟ್ಲರನಿಗೆ ಷರತ್ತಿಲ್ಲದ ಪ್ರಮಾಣವಚನ ಸ್ವೀಕರಿಸಲು ಒಪ್ಪದೆ ಕೆಲಸ ಕಳೆದುಕೊಂಡು, 1935ರಲ್ಲಿ ಬಾಸೆಲ್‌ಗೆ ಮರಳಿದರು. ಮೂರು ವರ್ಷಗಳ ಬಳಿಕ ಪಾಸ್ಟರುಗಳಿಗೂ ಅಂಥದ್ದೇ ಪ್ರಮಾಣದ ಆದೇಶ ಬಂತು. ಅರಿಕೆಯ ಸಭೆಯವರೂ ಸೇರಿ ಬಹುಪಾಲು ಪಾಸ್ಟರುಗಳು ಪ್ರಮಾಣ ಮಾಡಿದರು.

1936ರಲ್ಲಿ ಅರಿಕೆಯ ಸಭೆಯ ನಾಯಕರು ಹಿಟ್ಲರನಿಗೆ ಗುಟ್ಟಾಗಿ ಒಂದು ಮನವಿ ಕೊಟ್ಟು, ಯೆಹೂದಿದ್ವೇಷವನ್ನು ಜನರ ಮೇಲೆ ಹೇರುವುದು ನೆರೆಯವರನ್ನು ಪ್ರೀತಿಸು ಎಂಬ ಆಜ್ಞೆಗೆ ವಿರುದ್ಧವೆಂದರು. ಅದು ವಿದೇಶಿ ಪತ್ರಿಕೆಗಳಿಗೆ ಸೋರಿತು. ಸಭೆಯ ಕಚೇರಿಯಲ್ಲಿದ್ದ ಫ್ರೀಡ್ರಿಶ್ ವೈಸ್ಲರ್ ಎಂಬ ಕಾನೂನುತಜ್ಞ ಬಂಧನಕ್ಕೊಳಗಾದರು. ದೀಕ್ಷಾಸ್ನಾನ ಪಡೆದಿದ್ದರೂ ಅವರು ಯೆಹೂದಿ ಮೂಲದವರು. 1937ರ ಫೆಬ್ರುವರಿಯಲ್ಲಿ ಜಾಕ್ಸೆನ್‌ಹೌಸೆನ್ ಶಿಬಿರದಲ್ಲಿ ಅವರನ್ನು ಬಡಿದು ಕೊಂದರು. ಡಿಕೆನ್‌ಶೀಡ್ ಎಂಬ ಹಳ್ಳಿಯ ಪಾಸ್ಟರ್ ಪೌಲ್ ಶ್ನೈಡರ್ ಬೂಕನ್‌ವಾಲ್ಡ್ ಶಿಬಿರದಲ್ಲಿ ಸ್ವಸ್ತಿಕ ಧ್ವಜಕ್ಕೆ ಟೋಪಿ ತೆಗೆಯಲಿಲ್ಲ. ಒಂಟಿ ಕೋಣೆಗೆ ತಳ್ಳಿದರೂ ಅದರ ಕಿಟಕಿಯಿಂದಲೇ ಕೈದಿಗಳಿಗೆ ಕೇಳುವಂತೆ ವೇದವಚನಗಳನ್ನು ಕೂಗುತ್ತಿದ್ದರು. 1939ರ ಜುಲೈನಲ್ಲಿ ಅಲ್ಲೇ ಕೊಲೆಯಾದರು. ನೀಮೋಲರ್ 1937ರಿಂದ 1945ರವರೆಗೆ ಸೆರೆಯಲ್ಲಿದ್ದರು. ಮೊದಲ ಮಹಾಯುದ್ಧದಲ್ಲಿ ಜಲಾಂತರ್ಗಾಮಿಯ ನಾಯಕನಾಗಿದ್ದ ಈ ಮನುಷ್ಯ 1933ರಲ್ಲಿ ನಾಜಿ ಪಕ್ಷಕ್ಕೇ ಮತ ಹಾಕಿದ್ದರು. ಕ್ರಮೇಣ ಕಣ್ಣು ತೆರೆದವರ ಪೈಕಿ ಅವರೊಬ್ಬರು, ತಡವಾಯಿತೆಂದು ಯುದ್ಧದ ನಂತರ ಊರೂರಿಗೆ ಹೋಗಿ ಹೇಳಿದವರೂ ಅವರೇ. 1945ರ ಅಕ್ಟೋಬರ್‌ನಲ್ಲಿ ಸ್ಟಟ್‌ಗಾರ್ಟ್‌ನಲ್ಲಿ ಜರ್ಮನ್ ಸಭೆಗಳ ನಾಯಕರು ತಮ್ಮ ತಪ್ಪನ್ನು ಅರಿಕೆ ಮಾಡಿಕೊಂಡ ಹೇಳಿಕೆಯಲ್ಲಿ ನೀಮೋಲರ್ ಸಹಿಯೂ ಇದೆ. ಅದರಲ್ಲೂ ಯೆಹೂದಿಗಳ ಹೆಸರಿಲ್ಲ.

ಬೆಲ್ಹಾರ್‌ನಲ್ಲಿ ಮುಂದುವರಿದದ್ದು

ಬಾರ್ಮೆನ್ ಬಿಟ್ಟ ಜಾಗವನ್ನು ತುಂಬಿದವರು ದಕ್ಷಿಣ ಆಫ್ರಿಕದ ಕ್ರೈಸ್ತರು. ಅಲ್ಲಿನ ಬಿಳಿಯರ ಡಚ್ ರಿಫಾರ್ಮ್ಡ್ ಸಭೆ ವರ್ಣಭೇದ ನೀತಿಗೆ ಬೈಬಲ್ಲಿನ ಆಧಾರ ಒದಗಿಸುತ್ತಿತ್ತು. ಪ್ರಭುಭೋಜನಕ್ಕೂ ಬಣ್ಣಕ್ಕೊಂದು ಸಭೆ ಇತ್ತು. ಮಿಶ್ರಜನಾಂಗದವರೆಂದು ಬೇರ್ಪಡಿಸಿದವರಿಗಾಗಿ ಇದ್ದ ಡಚ್ ರಿಫಾರ್ಮ್ಡ್ ಮಿಷನ್ ಸಭೆ 1982ರಲ್ಲಿ ಕೇಪ್‌ಟೌನ್ ಬಳಿಯ ಬೆಲ್ಹಾರ್‌ನಲ್ಲಿ ವಿಶ್ವಾಸದ ಅರಿಕೆಯೊಂದನ್ನು ರಚಿಸಿ, 1986ರಲ್ಲಿ ಅಂಗೀಕರಿಸಿತು.

ಬಾರ್ಮೆನ್‌ನಂತೆಯೇ ಅದರಲ್ಲೂ ನಂಬುತ್ತೇವೆ, ತಿರಸ್ಕರಿಸುತ್ತೇವೆ ಎಂಬ ಕಟ್ಟು ಇದೆ. ಸಭೆಯ ಐಕ್ಯ, ಸಮಾಧಾನ, ನ್ಯಾಯ ಎಂಬ ಮೂರು ವಿಷಯಗಳಿವೆ. ಅನ್ಯಾಯ ತುಂಬಿದ ಲೋಕದಲ್ಲಿ ದೇವರು ವಿಶೇಷವಾಗಿ ದಿಕ್ಕಿಲ್ಲದವರ, ಬಡವರ, ಅನ್ಯಾಯಕ್ಕೊಳಗಾದವರ ದೇವರು ಎಂದು ಅದು ಹೇಳುತ್ತದೆ; ಸಭೆಯೂ ದೇವರು ನಿಂತ ಕಡೆಯೇ ನಿಲ್ಲಬೇಕು ಎನ್ನುತ್ತದೆ. ಅದನ್ನು ಬರೆದವರು ಸ್ವತಃ ಬಾಗಿಲ ಹೊರಗೆ ನಿಲ್ಲಿಸಲ್ಪಟ್ಟವರು. ಬಾರ್ಮೆನ್‌ನ 140 ಪ್ರತಿನಿಧಿಗಳ ನಡುವೆ ಅಂಥವರ ದನಿ ಕೇಳಿಸಿರಲಿಲ್ಲ.